ಬಾಡಿ ನನ್ನದು, ಲೆನ್ಸು ಭಾವಮೈದನದು

ಕ್ಯಾಮೆರಾದ ಬಾಡಿ ನನ್ನದು. ಅದಕ್ಕೆ ಸಿಕ್ಕಿಸುವ, ದೂರದ್ದನ್ನು ಹತ್ತಿರಕ್ಕೆಳೆದು ತೋರಿಸುವ 150-600 ಎಂಎಂ ಲೆನ್ಸು ನನ್ನ ಹೆಂಡತಿಯ ತಮ್ಮನದು. ಅವನಿಲ್ಲದಿದ್ದರೆ ನನ್ನ ಕ್ಯಾಮೆರಾ ಕುರುಡು. ನಾನಿಲ್ಲದಿದ್ದರೆ ಅವನ ಲೆನ್ಸು ಎರಡು ಕೆಜಿ ತೂಕದ ಫ್ಲಾಸ್ಕು. ಹೀಗಾಗಿ ವಾರವಿಡೀ ಮುನಿಸಿಕೊಂಡಿದ್ದರೂ ಶನಿವಾರ ರಾತ್ರಿಯೊಳಗೆ ರಾಜಿಯಾಗಲೇಬೇಕು. ಗಂಡ ಹೆಂಡಿರ ನಡುವೆಯೂ ಇಷ್ಟು ಗಟ್ಟಿ ಕಟ್ಟುಪಾಡು ಇರಲಿಕ್ಕಿಲ್ಲ.

ತೆಗೆದ ಫೋಟೋ ಯಾರದು ಎಂಬ ವ್ಯಾಜ್ಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಚೆನ್ನಾಗಿ ಬಂದರೆ ಲೆನ್ಸಿನ ಗುಣ. ಮಸುಕಾದರೆ ನನ್ನ ಕೈನಡುಕ. 600 ಎಂಎಂನಲ್ಲಿ ಕೈಯಲ್ಲೇ ಹಿಡಿದು ತೆಗೆಯುವಾಗ ಶಟರ್ ಸ್ಪೀಡು ಸೆಕೆಂಡಿನ ಆರುನೂರನೇ ಒಂದು ಭಾಗಕ್ಕಿಂತ ನಿಧಾನ ಇರಬಾರದು ಅನ್ನುವುದು ಹಳಬರ ಲೆಕ್ಕ. ನಾವು ಆ ಲೆಕ್ಕ ಮುಗಿಸುವಷ್ಟರಲ್ಲಿ ಮಿಂಚುಳ್ಳಿ ಮೀನು ಹಿಡಿದು, ಕೊಂಬೆಗೆ ಬಡಿದು, ನುಂಗಿ, ಕೊಕ್ಕು ಒರೆಸಿಕೊಂಡು ಹೋಗಿರುತ್ತದೆ. ನಮಗೆ ಸಿಗುವುದು ಕೊಂಬೆ. ಹೆಂಡತಿಗೆ ತೋರಿಸಿದರೆ ಅವಳು ಕನ್ನಡಕ ಮೇಲೇರಿಸಿ ನೋಡಿ, "ಎಲೆ ಚೆನ್ನಾಗಿ ಬಂದಿದೆ ರೀ, ಹೊಂಗೇದಾ?" ಅನ್ನುತ್ತಾಳೆ. ತಮ್ಮನೂ ಪಾಲುದಾರನಾದ್ದರಿಂದ ಇದಕ್ಕಿಂತ ಹೆಚ್ಚು ಬಯ್ಯುವ ಹಾಗಿಲ್ಲ.

ರಂಗನತಿಟ್ಟಿನದು ಬೇರೆಯೇ ಕಥೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರಂಥವರು ಮೈಸೂರಿನ ಅರಸರಿಗೆ ಹೇಳಿ ಪಕ್ಷಿಧಾಮ ಮಾಡಿಸಿದ ಜಾಗಕ್ಕೆ ನಾವು ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪಿನಲ್ಲೇ ಬಿಟ್ಟು ಹೋಗಿದ್ದೆವು. ಕಾರ್ಡಿಲ್ಲದಿದ್ದರೂ ಶಟರ್ ಬೀಳಲು ಬಿಡುವ ಒಂದು ಸೆಟ್ಟಿಂಗ್ ಕೆಲವು ಕ್ಯಾಮೆರಾಗಳಲ್ಲಿರುತ್ತದೆ, ಯಾವ ಪುಣ್ಯಾತ್ಮ ಯಾಕೆ ಕಂಡುಹಿಡಿದನೋ. ದೋಣಿಯವರು ಪಾಪ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯ ಹತ್ತಿರಕ್ಕೇ ಒಯ್ದರು. ಅದರ ಹಲ್ಲು ಎಣಿಸಬಹುದಿತ್ತು. ನಾನು ಟಕಟಕ ಒತ್ತಿದ್ದೇ ಒತ್ತಿದ್ದು. ದಡಕ್ಕೆ ಬಂದು ನೋಡಿದರೆ ಮೊಸಳೆಯೂ ಇಲ್ಲ, ನದಿಯೂ ಇಲ್ಲ. "ಬಾಡಿಯ ಇಲಾಖೆ ನಿಮ್ಮದಲ್ವಾ ಭಾವ?" ಎಂದ ಅವನು, ತುಂಬ ಮೆತ್ತಗೆ. ಹದಿನೈದು ದಿನ ಮಾತು ಬಿಟ್ಟಿದ್ದೆ. ಅಂದರೆ ಎರಡು ಭಾನುವಾರ ದಂಡ.

ಆದರೆ ಹೇಳಹೊರಟಿದ್ದು ಕೊಕ್ಕರೆಬೆಳ್ಳೂರಿನ ವಿಷಯ. ಫೆಬ್ರವರಿಯ ಒಂದು ಭಾನುವಾರ, ಐದಕ್ಕೇ ಮೈಸೂರು ಬಿಟ್ಟು, ಮದ್ದೂರು ದಾಟಿ, ರುದ್ರಾಕ್ಷಿಪುರದ ಹತ್ತಿರ ಒಳಗೆ ತಿರುಗಿ, ಊರು ಸೇರುವ ಹೊತ್ತಿಗೆ ಬೆಳಕು ಹದವಾಗಿ ಬಿದ್ದಿತ್ತು. ಅಲ್ಲಿ ಹಕ್ಕಿ ಹುಡುಕಿಕೊಂಡು ಕಾಡಿಗೆ ಹೋಗಬೇಕಿಲ್ಲ. ಮನೆಯ ಹಿತ್ತಲಿನ ಹುಣಸೆಮರದಲ್ಲೇ ಹೆಜ್ಜಾರ್ಲೆಯೂ (ಅದೇ, ಪೆಲಿಕನ್) ಬಣ್ಣದ ಕೊಕ್ಕರೆಯೂ ಗೂಡು ಕಟ್ಟಿರುತ್ತವೆ. ಕೆಳಗೆ ಕೋಳಿ, ಎಮ್ಮೆ, ಬಟ್ಟೆ ಒಗೆಯುವ ಕಲ್ಲು. ಇಷ್ಟು ಹತ್ತಿರದ ಹಕ್ಕಿಯನ್ನೂ ಕೆಡಿಸುವ ವಿದ್ಯೆ ನಮ್ಮಲ್ಲಿತ್ತು. ಕಪ್ಪು ಎಲೆಗಳ ಮುಂದೆ ಕೂತ ಕೊಕ್ಕರೆಗೆ ಬೆಳಕು ಹೆಚ್ಚಾಗಿ, ಒಗೆದು ಹರವಿದ ಪಂಚೆಯ ಹಾಗೆ ಬಂತು. ಬಿಳಿ ಆಕಾಶದ ಮುಂದೆ ಕೂತದ್ದು ಕಾಗೆಯಾಗಿ ಬಂತು. "ಎಕ್ಸ್‌ಪೋಷರ್ ಇಳಿಸಿ ಭಾವ." "ನೀನು ಲೆನ್ಸು ಅಲ್ಲಾಡಿಸಬೇಡ." ದನಿ ಏರಿತು.

"ಬಾಣಂತಿಯರವೆ ಕಣ್ರಪ್ಪ, ಗದ್ಲ ಮಾಡ್ಬ್ಯಾಡಿ" ಎಂದು ಹಿಂದಿನಿಂದ ಬಂತು ಮಾತು.

ತಿರುಗಿದರೆ ಒಬ್ಬರು ಅಜ್ಜಿ, ಕೈಯಲ್ಲಿ ಕಡ್ಡಿ ಪೊರಕೆ. ಟ್ರೈಪಾಡನ್ನೂ ನನ್ನ ಕೈಲಿದ್ದ ಪುಟ್ಟ ನೋಟ್‌ಪುಸ್ತಕವನ್ನೂ ಒಮ್ಮೆ ನೋಡಿದರು. "ಗೂಡು ಎಣ್ಸಕ್ ಬಂದ್ರಾ ಸ್ವಾಮಿ?"

ಗೂಡಿರುವ ಮರದ ಹುಣಸೆ ಕೀಳದೆ ಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಆ ಊರಲ್ಲಿದೆ. ನಮ್ಮನ್ನು ಅದರವರೆಂದೇ ತಿಳಿದಿದ್ದರು. ಅಲ್ಲವೆಂದು ನಾನು ಹೇಳುವಷ್ಟರಲ್ಲಿ ಭಾವಮೈದ, ಖಾಕಿ ಬಣ್ಣದ ಬಹುಜೇಬಿನ ಜಾಕೆಟ್ಟು ತೊಟ್ಟಿದ್ದ ಮಹಾನುಭಾವ, "ಹೂಂ ಅಜ್ಜಿ, ಎಷ್ಟಿವೆ?" ಎಂದುಬಿಟ್ಟ. ಸುಮ್ಮನೆ ಮಾತಿಗೆ ಕೇಳಿದ್ದಂತೆ, ಆಮೇಲೆ ಹೇಳಿದ.

"ಹದ್ನೆಂಟವೆ. ಬರ್ಕಳಿ. ಪಟ ತಕ್ಕಳಿ, ಎಲ್ಲಾವೂ ಒಂದ್ರಲ್ಲೇ ಬರ್ಬೇಕು."

ಮರದಡಿಗೆ ಎಳೆದುಕೊಂಡೇ ಹೋದರು. ನಾನು ಕ್ಯಾಮೆರಾ ಎತ್ತಿದೆ. 600ರಲ್ಲಿ ಕಂಡದ್ದು ಒಂದು ಹೆಜ್ಜಾರ್ಲೆಯ ಕಣ್ಣು. 150ಕ್ಕೆ ಇಳಿಸಿದರೆ ಕಣ್ಣಿನ ಜೊತೆ ಕುತ್ತಿಗೆ. ಹಿಂದಕ್ಕೆ ಸರಿದೆ, ಹಿಂದೆ ಎಮ್ಮೆ. ಇನ್ನೂ ಸರಿಯೋಣವೆಂದರೆ ಎಮ್ಮೆ ಸರಿಯಲೊಲ್ಲದು. ಇತ್ತ ಅವನು ಕತ್ತೆತ್ತಿ ಎಣಿಸಿ ಹದಿನೇಳು ಎಂದ. ನನಗೆ ಹತ್ತೊಂಬತ್ತು. ಅಜ್ಜಿ ನಮ್ಮಿಬ್ಬರನ್ನೂ ಶಾಲೆ ಬಿಟ್ಟ ಹುಡುಗರನ್ನು ನೋಡುವಂತೆ ನೋಡಿದರು.

"ಇಷ್ಟ್ ದೊಡ್ ಕ್ಯಾಮ್ರ, ಒಂದ್ ಮರ ಹಿಡ್ಯಕಿಲ್ವಾ?"

ಮರ ಹಿಡಿಯುವ ಲೆನ್ಸು ಬೇರೆ, ಅದು ಚಿಕ್ಕದು, ಅಗ್ಗದ್ದು, ಮನೆಯಲ್ಲಿದೆ ಎಂದು ವಿವರಿಸಲು ಹೊರಟೆ. ದೊಡ್ಡದು ದೂರದ್ದಕ್ಕೆ, ಚಿಕ್ಕದು ಹತ್ತಿರದ್ದಕ್ಕೆ ಅನ್ನುವ ಈ ತರ್ಕ ನನ್ನ ಬಾಯಲ್ಲೇ ಯಾಕೋ ಸುಳ್ಳಿನ ಹಾಗೆ ಕೇಳಿಸಿತು. ಆಗ ಮೇಲಿಂದ ಏನೋ ಬಿತ್ತು. ಭಾವಮೈದ ಅಲ್ಲಾಡಲಿಲ್ಲ. ಟೋಪಿಯ ಮೇಲಿಂದ ಹೆಗಲಿಗೆ ಇಳಿಯುತ್ತಿದ್ದುದನ್ನು ಗಮನಿಸದವನಂತೆ ಮತ್ತೆ ಒಂದರಿಂದ ಎಣಿಸತೊಡಗಿದ.

"ಒಳ್ಳೇ ಗೊಬ್ರ ಕಣ್ಬುಡಿ" ಎಂದು ಸಮಾಧಾನ ಹೇಳಿ, ಅಜ್ಜಿ ಒಳಗಿದ್ದ ಮೊಮ್ಮಗನನ್ನು ಕೂಗಿದರು. ಹತ್ತು ವರ್ಷದ ಪೋರ. ಗಾಜು ಒಡೆದ ಮೊಬೈಲ್ ಹಿಡಿದು ಬಂದವನು ಜಗಲಿ ಹತ್ತಿ ನಿಂತ, ಒಂದೇ ಸಲ ಒತ್ತಿದ, ತೋರಿಸಿದ. ಇಡೀ ಮರ. ಬೆರಳಿಟ್ಟು ಎಣಿಸಿದೆವು. ಹದಿನೆಂಟು.

ನಾವು ಇಲಾಖೆಯವರಲ್ಲ ಎಂದು ಆಮೇಲೆ ಹೇಳಿದೆ. ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ. "ಎಣ್ಸಕ್ ಬರ್ದೆ ಹೋದಾಗ್ಲೇ ಗೊತ್ತಾತು" ಎಂದು ಕಾಫಿ ಕೊಟ್ಟರು.

ವಾಪಸು ಬರುವಾಗ ಕಾರಿನಲ್ಲಿ ಜಗಳವಿರಲಿಲ್ಲ. ಇದ್ದ ಒಂದೇ ಒಳ್ಳೆಯ ಫೋಟೋ ಇಬ್ಬರದೂ ಅಲ್ಲವಲ್ಲ. ಹುಡುಗ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ರಾತ್ರಿ ಹೆಂಡತಿಯ ಕೈಗೆ ಕೊಟ್ಟೆ. ಅವಳು ಹಿಗ್ಗಿಸಿ, ಆ ಕಡೆ ಈ ಕಡೆ ಸರಿಸಿ ನೋಡಿದಳು.

"ಪರವಾಗಿಲ್ವೇ! ಹಕ್ಕಿ ಇರೋ ಫೋಟೋ ಇದೇ ಮೊದಲು" ಎಂದಳು. ನಾವಿಬ್ಬರೂ ಒಟ್ಟಿಗೆ ನಕ್ಕು ಸುಮ್ಮನಾದೆವು.

ಅವಳು ಇನ್ನಷ್ಟು ಹಿಗ್ಗಿಸಿದಳು. "ಕೆಳಗಡೆ ಮೂಲೇಲಿ ಬಾಯಿ ಬಿಟ್ಕೊಂಡು ನಿಂತಿದ್ದಾರಲ್ಲ, ಇವರಿಬ್ಬರು ಯಾರು?"