ಒಂದು ಗುಳ್ಳೆ ಸಾಕು

ಪ್ಲೇಟಿನ 96 ವೆಲ್‌ಗಳಿಗೂ, ಅಂದರೆ ಪುಟ್ಟ ಗುಳಿಗಳಿಗೂ, 200 ಮೈಕ್ರೋಲೀಟರ್ ದ್ರವ ತುಂಬಿ, ಅದು ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ರೀಡರ್‌ಗೆ ಪ್ಲೇಟನ್ನು ಇಡುವ ಹೊತ್ತಿಗೆ ಕಣ್ಣಿಗೆ ಬೀಳುತ್ತದೆ: ಡಿ ಸಾಲಿನ ಏಳನೇ ವೆಲ್ ಡಿ7ರ ಗೋಡೆಗೆ ಅಂಟಿ ಕೂತ ಸಾಸಿವೆಯಷ್ಟು ಗುಳ್ಳೆ. ಇವತ್ತೂ! ದ್ರವ ಅಳೆದು ಹಾಕುವ ಪಿಪೆಟ್ಟಿನ ಗುಂಡಿಯನ್ನು ಮೊದಲ ತಡೆ ದಾಟಿಸಿ ಎರಡನೇ ತಡೆಯವರೆಗೆ ಒತ್ತಿದರೆ ಮುಗಿಯಿತು, ಗಾಳಿ ನುಗ್ಗುತ್ತದೆ, ಬೆಳಕು ಚದುರುತ್ತದೆ, ಅಂಕಿ ಕೆಡುತ್ತದೆ. ಮಾಮೂಲಿ ಕ್ಯುವೆಟ್‌ನಲ್ಲಾದರೆ, ಅಂದರೆ ಚೌಕಾಕಾರದ ಪುಟ್ಟ ಪಾರದರ್ಶಕ ಪಾತ್ರೆಯಲ್ಲಾದರೆ, ಬೆಳಕಿನ ದಾರಿ ಖಚಿತವಾಗಿ 10 ಮಿಲಿಮೀಟರ್. ಇಲ್ಲಿ ಬೆಳಕು ಲಂಬವಾಗಿ ಹಾಯುವುದರಿಂದ ದ್ರವ ಎಷ್ಟು ಎತ್ತರವೋ ಅಷ್ಟೇ ದಾರಿ. ಅದರ ಮೇಲ್ಮೈಯೂ ಬಾಗಿರುತ್ತದೆ. ಅಂಚಿನ 36 ವೆಲ್‌ಗಳಂತೂ ಬೇಗ ಆವಿಯಾಗುತ್ತವೆ. 260 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಡಿಎನ್‌ಎ ಅಳೆಯಲು ಮಾಮೂಲಿ ಪಾಲಿಸ್ಟೈರೀನ್ ಪ್ಲೇಟನ್ನೇ ಯಾಕೆ ಕೈಗಿಡುತ್ತಾರೆ? ಆ ನೇರಳಾತೀತ ಬೆಳಕನ್ನು ಪ್ಲಾಸ್ಟಿಕ್ಕೇ ನುಂಗಿದರೆ ಮಾದರಿಗೆ ಉಳಿಯುವುದೇನು? ತಳಕ್ಕೇ ಬೆರಳಿಟ್ಟು ಎತ್ತುವವರಿಗೆ ಇನ್ನೆಷ್ಟು ಸಲ ಹೇಳಬೇಕು? ಆ ಜಿಡ್ಡಿನ ಗುರುತೂ ಅಳತೆಯೊಳಗೆ ಸೇರುತ್ತದೆ!