ಕೂಸು ಮೂರು ಕೆಜಿ, ಸಾಮಾನು ಮೂವತ್ತು ಕೆಜಿ

ನಮ್ಮ ಕಡೆ ಮೊದಲ ಹೆರಿಗೆ ತವರುಮನೆಯಲ್ಲೇ ಆಗಬೇಕು. ಹೆರಿಗೆ ಅಕ್ಕನದು, ಯಜಮಾನಿಕೆ ಅವ್ವನದು, ಓಡಾಟ ತಮ್ಮನದು. ಸೋದರಮಾವನ ಪದವಿ ಕೂಸು ಹುಟ್ಟಿದ ಮೇಲೆ ಸಿಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಸುಳ್ಳು. ಕುಬುಸದ, ಅಂದರೆ ಸೀಮಂತದ, ಊಟ ಮುಗಿಸಿ ಕೈ ತೊಳೆಯುವಾಗಲೇ ಅವ್ವ ನನ್ನ ಒದ್ದೆ ಕೈಯಲ್ಲಿ ಬೈಕಿನ ಕೀಲಿ ಇಟ್ಟಿದ್ದಳು.

ಭಾವ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ರಜೆ ಸಿಗುತ್ತಿರಲಿಲ್ಲ. ಹೆಂಡತಿ ಕೊಪ್ಪಳದಲ್ಲಿ, ತಾನಿಲ್ಲಿ ಅನ್ನುವ ಸಂಕಟಕ್ಕೆ ಅವರು ಕಂಡುಕೊಂಡ ಮದ್ದು ಆನ್‌ಲೈನ್ ಆರ್ಡರ್. ರಾತ್ರಿ ಹನ್ನೊಂದಕ್ಕೆ 'ಹುಟ್ಟುವ ಮಗುವಿಗೆ ಏನೇನು ಬೇಕು' ಅಂತ ಎಲ್ಲೋ ಪಟ್ಟಿ ಓದುತ್ತಾರೆ, ಹನ್ನೆರಡಕ್ಕೆ ದುಡ್ಡು ಕಟ್ಟುತ್ತಾರೆ, ವಾರದೊಳಗೆ ಅದು ನಮ್ಮ ಮನೆ ಕಟ್ಟೆಯ ಮೇಲೆ ಕೂತಿರುತ್ತದೆ. ಕೊರಿಯರ್ ಹುಡುಗ ಕೊನೆಕೊನೆಗೆ ಬೆಲ್ ಒತ್ತುವುದನ್ನೇ ಬಿಟ್ಟ. "ಮಾಮಾ, ಮತ್ತ ಬಂತು ನೋಡ್ರೀ" ಅಂತ ರಸ್ತೆಯಿಂದಲೇ ಕೂಗುತ್ತಿದ್ದ. ಕೂಸು ಇನ್ನೂ ಹುಟ್ಟಿರಲಿಲ್ಲ, ನಾನು ಆಗಲೇ ಓಣಿಗೆಲ್ಲ ಮಾಮಾ ಆಗಿದ್ದೆ.

ಬಂದ ಸಾಮಾನುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಒದ್ದೆ ಟಿಶ್ಯೂ ಬೆಚ್ಚಗೆ ಮಾಡುವ ಯಂತ್ರ. ಕೂಸಿನ ಕುಂಡಿ ಒರೆಸುವಾಗ ಅದಕ್ಕೆ ಥಂಡಿ ಆಗಬಾರದಂತೆ. ಹೆರಿಗೆ ಇದ್ದದ್ದು ಮೇ ತಿಂಗಳಲ್ಲಿ. ಆ ಹೊತ್ತಿಗೆ ಕೊಪ್ಪಳದಲ್ಲಿ 40 ಡಿಗ್ರಿ ದಾಟಿರುತ್ತದೆ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮಾಳಿಗೆ ಮೇಲಿನ ಟ್ಯಾಂಕಿನಿಂದ ಬರುವ ನೀರಲ್ಲಿ ಕೈ ಇಡಲು ಆಗುವುದಿಲ್ಲ. ಅಜ್ಜ ಆ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ಒಂದೇ ಮಾತು ಕೇಳಿದ. "ತಣ್ಣಗ ಮಾಡೂದು ಇಲ್ಲೇನು ಇದರಾಗ?"

ಆಮೇಲೆ ಬಂತು ಕ್ಯಾಮೆರಾ. ಕೂಸು ಒಂದು ಕೋಣೆಯಲ್ಲಿ ಮಲಗಿದ್ದಾಗ ಇನ್ನೊಂದು ಕೋಣೆಯಲ್ಲಿರುವವರಿಗೆ ಅದು ಅತ್ತದ್ದು ಗೊತ್ತಾಗಲಿ ಅಂತ. ನಮ್ಮ ಮನೆಯಲ್ಲಿ ಇರುವುದು ಪಡಸಾಲೆ, ಅಡುಗೆಮನೆ, ಒಂದು ಕೋಣೆ. ಕೂಸು ಅತ್ತರೆ ನಮಗಿಂತ ಮೊದಲು ಎದುರುಮನೆಯವರು ಎದ್ದು ಲೈಟ್ ಹಾಕುತ್ತಾರೆ. ಆದರೂ ಭಾವನ ಮನಸ್ಸಿಗೆ ಸಮಾಧಾನವಾಗಲಿ ಅಂತ ಬಾಣಂತಿ ಕೋಣೆಯ ಗೂಡಿನಲ್ಲಿ ಅದನ್ನು ಇಟ್ಟು ವೈಫೈ ಜೋಡಿಸಿದ್ದಾಯಿತು. ಅಜ್ಜಿಗೆ ಅದು ಗಡಿಯಾರ ಅಂತ ಯಾರು ಹೇಳಿದರೋ ಗೊತ್ತಿಲ್ಲ. ಒಂದು ಮಧ್ಯಾಹ್ನ ಅಜ್ಜಿ ಕೂಸಿನ ಕಾಲಿಗೆ ಎಣ್ಣೆ ತಿಕ್ಕುತ್ತ, ಕುಬುಸಕ್ಕೆ ಬೀಗರು ತಂದ ಸೀರೆ ಎಂಥದ್ದು, ಅದರ ಸೆರಗು ಎಷ್ಟು ತೆಳುವು, ಅಂಥ ಸೀರೆ ಜವಾಹರ ರಸ್ತೆಯಲ್ಲಿ ಎಷ್ಟಕ್ಕೆ ಸಿಗುತ್ತದೆ, ಬೀಗತಿ ಅದನ್ನು ಕೊಡುವಾಗ ಮುಖ ಹೇಗೆ ಮಾಡಿದ್ದಳು ಅಂತ ಬಹಳ ವಿವರವಾಗಿ ಅಕ್ಕನಿಗೆ ಹೇಳುತ್ತಿದ್ದಳು. ಗೂಡಿನಿಂದ ದನಿ ಬಂತು. "ಅಜ್ಜಿ, ನಮಸ್ಕಾರ. ಊಟ ಆಯ್ತಾ?"

ಆ ಕ್ಯಾಮೆರಾ ಮಾತು ಕೇಳಿಸುವುದಷ್ಟೇ ಅಲ್ಲ, ಆಡುತ್ತದೆ ಕೂಡ. ಅಜ್ಜಿ ಎಣ್ಣೆ ಕೈಯಲ್ಲೇ ಎದ್ದು ಅದರ ಮೇಲೆ ಕುಂಚಿಗೆ ಹೊದಿಸಿದಳು. ಇವತ್ತಿಗೂ ಅದು ಹಾಗೇ ಇದೆ. ಭಾವನ ಮೊಬೈಲಲ್ಲಿ ಕತ್ತಲೆ ಮಾತ್ರ ಕಾಣುತ್ತದಂತೆ.

ಹಾಗಂತ ಬೆಂಗಳೂರಿನವರದೆಲ್ಲ ಹುಚ್ಚು, ಹಳಬರದೆಲ್ಲ ಸರಿ ಅಂತ ಬರೆದರೆ ನ್ಯಾಯವಲ್ಲ. ಅಜ್ಜಿಯ ಪಟ್ಟಿ ಬಾಯಲ್ಲಿತ್ತು, ಅದು ಇನ್ನೂ ಉದ್ದ. ಬಜೆ, ಜೇನು, ಕಾಡಿಗೆ, ಗ್ರೈಪ್ ವಾಟರ್, ತಲೆ ದುಂಡಗಾಗಲು ಸಾಸಿವೆ ತುಂಬಿದ ದಿಂಬು, ಲೋಬಾನ. ಎಲ್ಲವನ್ನೂ ತಂದಿಟ್ಟದ್ದೂ ನಾನೇ. ಮಕ್ಕಳ ಡಾಕ್ಟರ್ ಒಂದೊಂದನ್ನೇ ಹೊಡೆದು ಹಾಕಿದರು. ವರ್ಷ ತುಂಬುವ ತನಕ ಜೇನು ನಾಲಿಗೆಗೆ ತಾಗಿಸಬೇಡಿ, ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಇಷ್ಟು ಸಣ್ಣ ಕೂಸಿಗೆ ವಿಷವಾಗಬಹುದು. ಕಾಡಿಗೆ ಕಣ್ಣಿಗೆ ಬೇಡ. ದಿಂಬೇ ಬೇಡ, ಗಟ್ಟಿ ಹಾಸಿಗೆ ಮೇಲೆ ಅಂಗಾತ ಮಲಗಿಸಿ, ಸಾಕು. ಹೊಗೆ ಅಂತೂ ಕೂಸಿನ ಹತ್ತಿರ ಸುಳಿಯಬಾರದು. ಅಜ್ಜಿಗೆ ಕಾಡಿಗೆ ವಿಷಯದಲ್ಲಿ ಸಿಟ್ಟು ಬಂತು. "ಇವನಿಗೂ ಹಚ್ಚಿದ್ದೆ, ಇವನಿಗೂ ಜೇನು ನೆಕ್ಕಿಸಿದ್ದೆ, ಏನಾಗೈತಿ ಇವನಿಗೆ?" ಅಂತ ನನ್ನ ಕಡೆ ಕೈ ತೋರಿಸಿದಳು. ಡಾಕ್ಟರ್, ಅವ್ವ, ಅಕ್ಕ, ನರ್ಸ್ ಎಲ್ಲರೂ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಯಾರೂ ವಾದ ಮುಂದುವರಿಸಲಿಲ್ಲ. ಕಾಡಿಗೆ ಈಗ ಅಂಗಾಲಿಗೆ ಮಾತ್ರ.

ದೊಡ್ಡ ಜಗಳ ಆದದ್ದು ನೀರಿಗೆ. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ ಅಂದರು ಡಾಕ್ಟರ್. ಈ ಬಿಸಿಲಲ್ಲಿ ಕೂಸಿಗೆ ಗುಟುಕು ನೀರಿಲ್ಲ ಅಂದರೆ ಅಜ್ಜಿ ಹೇಗೆ ಒಪ್ಪುತ್ತಾಳೆ? ತಾಯಿಯ ಹಾಲಿನಲ್ಲಿ ನೂರಕ್ಕೆ 87-88 ಪಾಲು ನೀರೇ ಇರುತ್ತದೆ ಅಂತ ತಿಳಿಸಿ ಹೇಳಬೇಕಾಯಿತು. ಅಜ್ಜಿ ತಕ್ಷಣ ಅಕ್ಕನ ಕಡೆ ತಿರುಗಿ "ಹಂಗಾದ್ರ ನೀ ಕುಡಿ" ಅಂತ ಚೊಂಬು ಮುಂದಿಟ್ಟಳು. ಹಸಿ ಬಾಣಂತಿಗೆ ನೀರು ಕಡಿಮೆ ಕೊಡಬೇಕು ಅನ್ನುವ ಅವಳ ಇನ್ನೊಂದು ನೇಮ ಅಲ್ಲೇ ಮುರಿಯಿತು. ಅದಕ್ಕೆ ನಾನು ಡಾಕ್ಟರಿಗೆ ಇವತ್ತಿಗೂ ಋಣಿ.

ಇನ್ನು ಭಾವ ಕಳಿಸಿದ ಹಾಲಿನ ಬಾಟಲಿ ಸೆಟ್ಟು, ಅದನ್ನು ಆವಿಯಲ್ಲಿ ಕುದಿಸುವ ಡಬ್ಬಿ, ಡಬ್ಬಿಯನ್ನು ಒಣಗಿಸುವ ಸ್ಟ್ಯಾಂಡು ಯಾವುದೂ ಬಳಕೆಗೆ ಬರಲಿಲ್ಲ. ಹಾಲಿನ ಬಾಟಲಿ ಮತ್ತು ಡಬ್ಬಿ ಹಾಲಿನಪುಡಿಗೆ ಜಾಹೀರಾತು ಕೊಡಬಾರದು ಅಂತ ನಮ್ಮ ದೇಶದಲ್ಲಿ 1992ರಲ್ಲೇ ಆದ ಕಾನೂನಿದೆ. ಹಾಲು ಸಾಲದೆ ಡಾಕ್ಟರೇ ಬರೆದುಕೊಟ್ಟರೆ ಆ ಮಾತು ಬೇರೆ, ಆಗ ಅದೇ ಅವಶ್ಯಕ. ಹುಟ್ಟುವ ಮೊದಲೇ ತಂದಿಡುವ ಸಾಮಾನಂತೂ ಅಲ್ಲ.

ಡಾಕ್ಟರ್ ಬರೆದುಕೊಟ್ಟ ಒಂದೇ ಔಷಧಿಗೆ ಮನೆಯಲ್ಲಿ ನಗೆಯಾಯಿತು. ವಿಟಮಿನ್ ಡಿ ಹನಿ, ದಿನಕ್ಕೆ 400 ಯೂನಿಟ್. ಬಿಸಿಲಿನಿಂದ ಸಿಗುವ ವಿಟಮಿನ್ ಅದು ಅಂತ ಅಜ್ಜನಿಗೆ ಪೇಪರ್ ಓದಿ ಗೊತ್ತಿತ್ತು. "ಕೊಪ್ಪಳದಾಗ ಬಿಸಿಲು ರೊಕ್ಕಾ ಕೊಟ್ಟು ತರೂದು ಬಂತೇನಪಾ" ಅಂತ ದಿನವಿಡೀ ನಕ್ಕ. ತಾಯಿಯ ಹಾಲಿನಲ್ಲಿ ಅದು ಸಾಲುವುದಿಲ್ಲ, ಹಸಿ ಕೂಸನ್ನು ಈ ಬಿಸಿಲಿಗೆ ಹಿಡಿಯಲೂ ಆಗುವುದಿಲ್ಲ. ಹನಿ ಹಾಕುವ ಕೆಲಸ ಈಗ ಅಜ್ಜನದೇ. ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಬರುತ್ತಾನೆ.

ಹಾಗಾದರೆ ನಿಜಕ್ಕೂ ಖರ್ಚಾದದ್ದು ಏನು? ಬಟ್ಟೆ. ಅಂಗಡಿ ಬಟ್ಟೆ ಅಲ್ಲ, ಅಜ್ಜಿಯ ಹಳೇ ಕಾಟನ್ ಸೀರೆ ಹರಿದು ಮಾಡಿದ ಲಂಗೋಟಿ. ಎಷ್ಟೋ ವರ್ಷ ತೊಳೆದು ತೊಳೆದು ಮೆತ್ತಗಾದ ಬಟ್ಟೆ ಅದು, ಕಿವಿಗೆ ಹಿಡಿದು ಹಿಸುಕಿದರೂ ಸದ್ದಾಗುವುದಿಲ್ಲ. ಅಂಥದ್ದು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಒಂದು ರಾಶಿ ಇದ್ದರೂ ಸಾಲದು. ಹುಟ್ಟಿ ಐದಾರು ದಿನವಾದ ಮೇಲೆ ಕೂಸು ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಉಚ್ಚೆ ಹೊಯ್ದರೆ ಹಾಲು ಸಾಕಾಗುತ್ತಿದೆ ಅಂತ ಲೆಕ್ಕ. ಅಜ್ಜಿ ಬಕೆಟ್ಟಿಗೆ ಬಿದ್ದ ಲಂಗೋಟಿ ಎಣಿಸಿ ದಿನದ ವರದಿ ಕೊಡುತ್ತಿದ್ದಳು. ರಾತ್ರಿ ಡೈಪರ್ ಕಟ್ಟಿದರೆ ಲೆಕ್ಕ ತಪ್ಪುತ್ತದೆ ಅನ್ನುವುದೇ ಅವಳ ದೂರು. ಅಕ್ಕ ಮಾತ್ರ ರಾತ್ರಿ ಡೈಪರ್ ಬಿಡಲಿಲ್ಲ, ಬಿಡಲೂಬಾರದು. ನಿದ್ದೆ ಕೆಟ್ಟವರಿಗೆ ಗೊತ್ತು ಅದರ ಬೆಲೆ. ಆದರೆ ಭಾವ ಆಫರ್ ಇತ್ತು ಅಂತ ಎಲ್ಲಕ್ಕಿಂತ ಸಣ್ಣ ಅಳತೆಯ ಡೈಪರನ್ನೇ ಮೂಟೆಗಟ್ಟಲೆ ಕಳಿಸಿದ್ದರು. ಐದು ಕೆಜಿ ದಾಟಿದ ಮೇಲೆ ಅದು ಕೂಸಿನ ತೊಡೆಗೆ ಹತ್ತುವುದಿಲ್ಲ. ಅರ್ಧ ಮೂಟೆ ಓಣಿಯ ಇನ್ನೊಂದು ಬಾಣಂತಿ ಮನೆ ಸೇರಿತು.

ಲಂಗೋಟಿಯ ಕಷ್ಟ ಒಣಗಿಸುವುದರಲ್ಲಿಲ್ಲ, ಕೊಪ್ಪಳದ ಬಿಸಿಲಿಗೆ ಅರ್ಧ ತಾಸು ಸಾಕು. ಕಷ್ಟ ಇರುವುದು ಮುಂಗಾರಿಗೆ ಮೊದಲು ಸಂಜೆ ಎದ್ದುಬಿಡುವ ಗಾಳಿಯಲ್ಲಿ. ಮೇ ಅಂದರೆ ಸಂಡಿಗೆ ಕಾಲವೂ ಹೌದಲ್ವಾ? ಪಕ್ಕದ ಮಾಳಿಗೆ ಮೇಲೆ ಕಾಕು ಬಿಳಿ ಪಂಜೆ ಹಾಸಿ ಸಾಲುಸಾಲಾಗಿ ಸಂಡಿಗೆ ಇಟ್ಟಿದ್ದರು. ಕೆಂಧೂಳಿನ ಗಾಳಿ ಎದ್ದಿತು, ನಮ್ಮ ಹಗ್ಗ ಒಮ್ಮೆಲೇ ಖಾಲಿಯಾಯಿತು. ನಾನು ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಕಾಕು ಎರಡು ಬೆರಳಲ್ಲಿ ಒಂದು ಲಂಗೋಟಿ ಎತ್ತಿ ಹಿಡಿದುಕೊಂಡು ನಿಂತಿದ್ದರು. ಬೈಯಲಿಲ್ಲ. "ಇವು ತೊಳದೂವೋ, ತೊಳೀಲಾರದೂವೋ? ಅಷ್ಟು ಹೇಳಿಬಿಡು ತಮ್ಮಾ" ಅಂದರು. ತೊಳೆದವೇ ಅಂತ ಆಣೆ ಮಾಡಿದೆ. ಈ ವರ್ಷ ಮಾತ್ರ ಅವರ ಮನೆಯಿಂದ ಬರುವ ಸಂಡಿಗೆ ಡಬ್ಬಿ ನಮಗೆ ಬರಲಿಲ್ಲ. ಬಂದಿದ್ದರೆ ತಿನ್ನುತ್ತಿದ್ದೆವಾ ಅನ್ನುವುದೂ ಪ್ರಶ್ನೆಯೇ.

ದುಡ್ಡು ಕೊಟ್ಟು ತಂದವುಗಳಲ್ಲಿ ಉಪಯೋಗಕ್ಕೆ ಬಂದದ್ದು ಡಿಜಿಟಲ್ ಥರ್ಮಾಮೀಟರ್. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕಾಯುವಂತಿಲ್ಲ, ಡಾಕ್ಟರ್ ಹತ್ತಿರ ಓಡಬೇಕು. ನಮ್ಮ ಸೆಕೆಗೆ ಕೈಯಿಟ್ಟು ನೋಡಿದರೆ ಮನೆಯವರೆಲ್ಲರಿಗೂ ಜ್ವರ ಬಂದಂತೆಯೇ ಇರುತ್ತದೆ. ಪುಟ್ಟ ಉಗುರು ಕತ್ತರಿ ಬೇಕು. ಕೊಡೆಯಂತೆ ಬಿಚ್ಚುವ ಸೊಳ್ಳೆ ಪರದೆ ಬೇಕೇಬೇಕು. ಅದು ಉಡುಗೊರೆಯಾಗಿಯೂ ಬಂದು ಎರಡಾಯಿತು, ಎರಡನೆಯದರ ಕೆಳಗೆ ಅಜ್ಜ ಕೇಸರ್ ಮಾವಿನಹಣ್ಣು ಇಟ್ಟುಕೊಂಡಿದ್ದ.

ತೊಟ್ಟಿಲ ಕಾರ್ಯದ ದಿನದ ಉಡುಗೊರೆಗಳ ಬಗ್ಗೆ ಹೇಳದಿರುವುದೇ ಒಳ್ಳೆಯದು. ಬೆವರು ಸುರಿಸಿಕೊಂಡು ಬಂದ ನೆಂಟರೆಲ್ಲ ಉಲ್ಲನ್ ಟೋಪಿ, ಸ್ವೆಟರ್, ಕಾಲುಚೀಲದ ಸೆಟ್ಟೇ ತಂದಿದ್ದರು. ಉಳಿದವರು ಪೌಡರ್ ಇರುವ ಡಬ್ಬಿ ಸೆಟ್ಟು ತಂದರು, ಆ ಪೌಡರ್ ಕೂಸಿನ ಉಸಿರಿಗೆ ಹೋಗುತ್ತದೆ ಅಂತ ಡಾಕ್ಟರ್ ಮೊದಲೇ ಬೇಡ ಅಂದಿದ್ದರು. ತೊಟ್ಟಿಲು ಮಾತ್ರ ಕೊಂಡದ್ದಲ್ಲ. ಕುಷ್ಟಗಿಯ ನೆಂಟರ ಮನೆಯಲ್ಲಿ ಕಲಘಟಗಿ ತೊಟ್ಟಿಲು ಇತ್ತು. ಅರಗಿನ ಬಣ್ಣ ಇನ್ನೂ ಹೊಳೆಯುತ್ತದೆ. ಮನೆಯಿಂದ ಮನೆಗೆ ತಿರುಗುತ್ತ ಬಂದ ಅದರಲ್ಲಿ ಯಾರ್ಯಾರು ಮಲಗಿದ್ದರೋ ಲೆಕ್ಕವಿಲ್ಲ. ಭಾವನ ತಂಗಿ ಕೂಸಿನ ಕಿವಿಯಲ್ಲಿ ಕುರ್‌ರ್ ಅಂದು ಹೆಸರು ಹೇಳಿದಳು, ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಗುದ್ದಿದರು. ಸೀರೆಯ ಸಿಟ್ಟಿಗೋ ಏನೋ, ಅಜ್ಜಿಯ ಗುದ್ದು ಸ್ವಲ್ಪ ಜೋರಾಗಿಯೇ ಬಿತ್ತು. ಅಜ್ಜ ಕಿನ್ನಾಳದಿಂದ ಬಣ್ಣದ ಕಟ್ಟಿಗೆ ಆನೆ ತಂದು ಕೂಸಿನ ಕಾಲ ಕಡೆ ಹಿಡಿದು ಆಡಿಸಿದ. ಹಸಿ ಕೂಸಿಗೆ ಕಣ್ಣು ಕಾಣುವುದು 20-30 ಸೆಂಟಿಮೀಟರ್ ದೂರ ಅಷ್ಟೇ, ಅಂದರೆ ಮಡಿಲಲ್ಲಿ ಮಲಗಿದಾಗ ತಾಯಿಯ ಮುಖದವರೆಗೆ. ಆನೆ ಈಗ ಟಿವಿ ಪಕ್ಕದಲ್ಲಿದೆ.

ಈ ಗದ್ದಲದಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿದ್ದದ್ದು ಪಾತ್ರೆ ತಿಕ್ಕಲು ಬರುವ ಹೆಂಗಸಿನ ಮಾತಿನಿಂದ. ಅವಳಿಗೆ ಕೆಲವು ವರ್ಷದ ಹಿಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದಾಗ ಮಡಿಲು ಕಿಟ್ ಸಿಕ್ಕಿತ್ತು. 2007ರಲ್ಲಿ ಬಡ ಬಾಣಂತಿಯರಿಗೆಂದು ಶುರುವಾದ ಯೋಜನೆ ಅದು. ಏನಿತ್ತು ಅಂತ ಕೇಳಿದೆ. ಸೊಳ್ಳೆ ಪರದೆ, ಹೊದಿಕೆ, ಕೂಸಿನ ಹಾಸಿಗೆ, ಕೆಳಗೆ ಹಾಸಲು ರಬ್ಬರ್ ಶೀಟು, ಸೋಪು ಅಂತ ಶುರು ಮಾಡಿದಳು. ಆಮೇಲೆ ತಾಯಿಯ ಹೊಟ್ಟೆಗೆ ಕಟ್ಟಲು ಬಟ್ಟೆ, ಪ್ಯಾಡು, ಕೊಬ್ಬರಿ ಎಣ್ಣೆ, ಬಾಚಣಿಗೆ, ಹಲ್ಲುಜ್ಜುವ ಬ್ರಷ್. ನಾನು ಮನೆ ತುಂಬ ಕಣ್ಣಾಡಿಸಿದೆ. ನಮ್ಮ ಮನೆಗೆ ಬಂದ ಅಷ್ಟೂ ಪಾರ್ಸೆಲ್ಲಿನಲ್ಲಿ ಅಕ್ಕನಿಗೆ ಅಂತ ಒಂದೂ ಇರಲಿಲ್ಲ. ಟಿಶ್ಯೂ ಬೆಚ್ಚಗಿರಬೇಕು ಅಂತ ಯೋಚಿಸಿದವರಿಗೆ ಬಾಣಂತಿಯ ಸೊಂಟ ನೆನಪಾಗಿರಲಿಲ್ಲ. ಯಾವುದೋ ಕಚೇರಿಯಲ್ಲಿ ಆ ಪಟ್ಟಿ ಬರೆದವರ ಪಕ್ಕ ಹೆತ್ತ ಹೆಂಗಸೊಬ್ಬಳು ಕೂತಿದ್ದಿರಬೇಕು.

ಏನು ಬೇಕು ಅಂತ ಅಕ್ಕನನ್ನೇ ಕೇಳಿದೆ. ಮುಂದೆ ಗುಂಡಿ ಇರುವ ನೈಟಿ, ಬೆನ್ನಿಗೆ ಇಟ್ಟುಕೊಳ್ಳಲು ಗಟ್ಟಿ ದಿಂಬು, ಉದ್ದ ವೈರಿನ ಚಾರ್ಜರ್, ರಾತ್ರಿ ಹಾಲು ಕುಡಿಸುವಾಗ ಒಂದೇ ಕೈಯಲ್ಲಿ ತೆಗೆಯಬಹುದಾದ ನೀರಿನ ಬಾಟಲಿ. ಅಂಟಿನುಂಡಿ ತಿಂದು ಸಾಕಾಗಿದೆ, ಇನ್ನು ಬೇಡ. "ಮತ್ತ ಮಧ್ಯಾಹ್ನ ಎರಡು ತಾಸು ಇದನ್ನ ಎತ್ತಿಕೊಂಡು ಹೊರಗ ಹೋಗು, ಯಾರೂ ನನ್ನ ಎಬ್ಬಿಸಬ್ಯಾಡ್ರಿ." ನೈಟಿ ತರಲು ಜವಾಹರ ರಸ್ತೆಗೆ ಹೋದೆ. ಅಂಗಡಿಯವನು ಯಾವ ಬಣ್ಣ ಅಂತ ಕೇಳಿದ, ಗುಂಡಿ ಮುಂದೆ ಇರಬೇಕು ಅಂದೆ. ಸೈಜು ಕೇಳಿದ, ಗುಂಡಿ ಮುಂದೆ ಇರಬೇಕು ಅಂದೆ. ಅಂಗಡಿಯಲ್ಲಿದ್ದ ಹೆಂಗಸರೆಲ್ಲ ಸೇರಿ ಆರಿಸಿಕೊಟ್ಟರು.

ಇನ್ನು ಉಳಿದದ್ದು ತಳ್ಳುವ ಗಾಡಿ. ಅದು ಬಂದದ್ದು ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯಲ್ಲಿ. ನಮ್ಮ ಓಣಿಯಲ್ಲಿ ಗಟಾರ, ಜಲ್ಲಿ, ಮಲಗಿದ ಎಮ್ಮೆ ಎಲ್ಲ ದಾಟಿ ಅದು ಹೋಗಬೇಕೆಂದರೆ ಕೂಸು ಒಳಗೆ, ಗಾಡಿ ನಮ್ಮ ತಲೆ ಮೇಲೆ ಇರಬೇಕು. ಅಜ್ಜ ಅದಕ್ಕೊಂದು ದಾರಿ ಕಂಡುಹಿಡಿದ. ದಿನಾ ಬೆಳಿಗ್ಗೆ ಶುದ್ಧ ನೀರಿನ ಘಟಕಕ್ಕೆ ಅದನ್ನು ತಳ್ಳಿಕೊಂಡು ಹೋಗಿ, 20 ಲೀಟರಿನ ಕ್ಯಾನ್ ಕೂರಿಸಿ, ಬೆಲ್ಟ್ ಹಾಕಿ ತರುತ್ತಾನೆ. ಬಿಸಿಲಿಗೆ ನೀರು ಕಾಯಬಾರದು ಅಂತ ಮೇಲಿನ ಕೊಡೆ ಬೇರೆ ಬಿಚ್ಚಿರುತ್ತಾನೆ. ದಾರಿಯಲ್ಲಿ ಗೊತ್ತಿಲ್ಲದ ಹೆಂಗಸರು "ಎಷ್ಟು ತಿಂಗಳದ್ದರೀ ಅಜ್ಜಾರ?" ಅಂತ ಬಗ್ಗಿ ನೋಡಿ ಸುಮ್ಮನೆ ನೆಟ್ಟಗಾಗುತ್ತಾರೆ.

ಮೊನ್ನೆ ಭಾವ ಫೋನ್ ಮಾಡಿದ್ದರು. ಕೂಸು ಮಗ್ಗುಲಾಗುತ್ತಿದೆ ಅಂತ ಕೇಳಿ ಖುಷಿಯಾಗಿ, ನಡಿಗೆ ಕಲಿಯಲು ಚಕ್ರದ ವಾಕರ್ ನೋಡಿಟ್ಟಿದ್ದಾರಂತೆ. ಅದರಲ್ಲಿ ಕೂತ ಮಕ್ಕಳು ಮೆಟ್ಟಿಲಿಂದ ಉರುಳಿ ಪೆಟ್ಟು ಮಾಡಿಕೊಳ್ಳುತ್ತಾರೆ, ನಡಿಗೆ ಬೇಗ ಬರುವುದೂ ಇಲ್ಲ, ಕೆನಡಾದಲ್ಲಿ 2004ರಿಂದ ಅದನ್ನು ಮಾರುವ ಹಾಗೇ ಇಲ್ಲ ಅಂತ ವಿವರವಾಗಿ ಹೇಳಿದೆ. ಭಾವ ಎಲ್ಲ ಗಮನವಿಟ್ಟು ಕೇಳಿದರು.

"ಕೆನಡಾದಿಂದ ಯಾಕೋ ತರಿಸಲಿ, ಇಲ್ಲೇ ಸಿಗುತ್ತೆ" ಅಂದರು.