ಕೂಸಿಗಿಂತ ಎಳೆಯ ಬಾಣಂತಿಕೋಣೆ

ಅಮೆರಿಕದ ಕೆಂಟಕಿ ರಾಜ್ಯದ ಹಾಜೆನ್‌ವಿಲ್ ಬಳಿ ಒಂದು ಭವ್ಯ ದೇಗುಲವಿದೆ. ಗ್ರಾನೈಟ್, ಅಮೃತಶಿಲೆ, ಸಾಲುಗಂಬ. ಹತ್ತಲು 56 ಮೆಟ್ಟಿಲು. ಅಬ್ರಹಾಂ ಲಿಂಕನ್ ಬದುಕಿದ್ದು 56 ವರ್ಷ, ಅದಕ್ಕೇ ಅಷ್ಟು. ಪುಣ್ಯಾತ್ಮ ತೊಂಬತ್ತು ತುಂಬಿಸಿದ್ದರೆ ಮಂಡಿನೋವಿನವರ ಗತಿ ಏನಾಗುತ್ತಿತ್ತೋ! ಗರ್ಭಗುಡಿಯಲ್ಲಿರುವುದು ಮರದ ದಿಮ್ಮಿಗಳ ಗುಡಿಸಲು. 1809ರಲ್ಲಿ ಲಿಂಕನ್ ಹುಟ್ಟಿದ್ದು ಇದರಲ್ಲೇ ಎಂದು ನಂಬಿ ಲಕ್ಷಕ್ಕೂ ಹೆಚ್ಚು ಜನ ವಂತಿಗೆ ಕೊಟ್ಟರು. ಅಡಿಗಲ್ಲು ಇಡಲು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರೇ ಬಂದರು. 1911ರಲ್ಲಿ ಉದ್ಘಾಟನೆಗೆ ಅವರ ಉತ್ತರಾಧಿಕಾರಿ ಟಾಫ್ಟ್.

ಗುಡಿಸಲಿನ ಪೂರ್ವಾಶ್ರಮ ಮಾತ್ರ ಅಷ್ಟು ಪವಿತ್ರವಲ್ಲ. 1894ರಲ್ಲಿ ಆಲ್ಫ್ರೆಡ್ ಡೆನೆಟ್ ಎಂಬ ಹೋಟೆಲ್ ಉದ್ಯಮಿ ಈ ಜಮೀನು ಕೊಂಡಾಗ ಅಲ್ಲಿ ಗುಡಿಸಲೇ ಇರಲಿಲ್ಲ. ಅದಕ್ಕೇನಂತೆ? ಹತ್ತಿರದ ಜಮೀನಿನಿಂದ ಹಳೆಯ ಮನೆಯೊಂದರ ದಿಮ್ಮಿಗಳು ಬಂದವು, ಗುಡಿಸಲು ಎದ್ದಿತು. ಯಾತ್ರಿಕರು ನಿರೀಕ್ಷಿಸಿದಷ್ಟು ಬರಲಿಲ್ಲ. ಹಾಗಾಗಿ ಗುಡಿಸಲೇ ಯಾತ್ರೆ ಹೊರಟಿತು. 1897ರಲ್ಲಿ ನ್ಯಾಶ್‌ವಿಲ್ ವಸ್ತುಪ್ರದರ್ಶನ, 1901ರಲ್ಲಿ ಬಫಲೋ. ಜೊತೆಗೆ ಮತ್ತೊಂದು ಗುಡಿಸಲು: ಲಿಂಕನ್ ವಿರುದ್ಧ ಸೆಣಸಿದ ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ಹುಟ್ಟಿದ ಮನೆಯಂತೆ! ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸುವ ಗಡಿಬಿಡಿಯಲ್ಲಿ ಎರಡರ ದಿಮ್ಮಿಗಳೂ ಬೆರೆತುಹೋದವು. ಉತ್ತರ ದಕ್ಷಿಣಗಳನ್ನು ಒಂದುಗೂಡಿಸಲು ಲಿಂಕನ್ನರಿಗೆ ನಾಲ್ಕು ವರ್ಷದ ಅಂತರ್ಯುದ್ಧ ಬೇಕಾಯಿತು. ಹೊರೆಯಾಳುಗಳು ಒಂದು ಹನಿ ರಕ್ತ ಹರಿಸದೆ ಅದನ್ನು ಮಾಡಿ ಮುಗಿಸಿದರು. ಕೊನೆಗೆ ಲಾಂಗ್ ಐಲೆಂಡಿನ ನೆಲಮಾಳಿಗೆಯಲ್ಲಿ ಬಿದ್ದಿದ್ದ ಆ ರಾಶಿಯನ್ನು 1906ರಲ್ಲಿ, ಈ ದೇಗುಲ ಕಟ್ಟಿಸಿದ ಲಿಂಕನ್ ಫಾರ್ಮ್ ಅಸೋಸಿಯೇಷನ್ ಕೊಂಡುಕೊಂಡಿತು.

ಗುಡಿ ಎದ್ದ ಮೇಲೆ ಹೊಸ ತೊಡಕು. ಗುಡಿಸಲನ್ನು ಒಳಗೆ ಕೂರಿಸಿದರೆ ಭಕ್ತರು ಪ್ರದಕ್ಷಿಣೆ ಬರಲು ಜಾಗ ಸಾಲದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಇಲ್ಲಿ ಕಾಲನ್ನೇ ಕತ್ತರಿಸಿದರು. ದಿಮ್ಮಿಗಳನ್ನು ಕೊಯ್ದು, ಗುಡಿಸಲನ್ನು ಕಿರಿದು ಮಾಡಿ ಪ್ರತಿಷ್ಠಾಪಿಸಿದರು. ಪರಂಪರೆಯ ಸಂರಕ್ಷಣೆಗೆ ಗರಗಸಕ್ಕಿಂತ ಒಳ್ಳೆಯ ಸಾಧನ ಸಿಕ್ಕಿರಲಿಕ್ಕಿಲ್ಲ.

2004ರಲ್ಲಿ ತಜ್ಞರು ದಿಮ್ಮಿಗಳ ಉಂಗುರಗಳನ್ನು ಎಣಿಸಿದರು. ಎಲ್ಲಕ್ಕಿಂತ ಹಳೆಯ ದಿಮ್ಮಿಯೇ 1848ರದು. ಆ ವರ್ಷ ನಮ್ಮ ಕೂಸಿಗೆ 39 ವಯಸ್ಸು. ಎರಡು ಮಕ್ಕಳ ತಂದೆ, ವಾಷಿಂಗ್ಟನ್ನಿನಲ್ಲಿ ಸಂಸದ. ಈ ತಾಣವನ್ನು ನೋಡಿಕೊಳ್ಳುವ ರಾಷ್ಟ್ರೀಯ ಉದ್ಯಾನ ಇಲಾಖೆ ಗುಡಿಸಲನ್ನು ಕೆಳಗಿಳಿಸಲಿಲ್ಲ, ‘ಸಾಂಕೇತಿಕ’ ಎಂಬ ಬಿರುದು ಕೊಟ್ಟು ಕೈತೊಳೆದುಕೊಂಡಿದೆ. ಕೆಲವು ಮೈಲಿ ಆಚೆ, ಲಿಂಕನ್ ಬಾಲ್ಯ ಕಳೆದ ನಾಬ್ ಕ್ರೀಕ್‌ನಲ್ಲೂ ಒಂದು ಗುಡಿಸಲು ನಿಂತಿದೆ. ಅದನ್ನು ಕಟ್ಟಿರುವುದು ಅವರ ಬಾಲ್ಯದ ಗೆಳೆಯನ ಮನೆಯ ದಿಮ್ಮಿಗಳಿಂದ. ನೆರೆಹೊರೆಯವರ ಮನೆಗಳಿಗೆ ಇಷ್ಟು ಋಣಿಯಾದ ರಾಷ್ಟ್ರಪತಿ ಜಗತ್ತಿನಲ್ಲಿ ಇನ್ನೊಬ್ಬರಿಲ್ಲ.